ಬಿಸಿಗಾಳಿ ಬಲೂನು ಹಾರಿಸಲು ಲೈಸೆನ್ಸ್: ಅಮೆರಿಕದಲ್ಲಿರುವವರಿಗೆ ಹಂತ ಹಂತದ ದಾರಿ

ಅಕ್ಟೋಬರ್ ಬಂತೆಂದರೆ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿಯ ಬಲೂನು ಹಬ್ಬದ ಫೋಟೊಗಳು ಎಲ್ಲರ ಫೋನಿನಲ್ಲೂ ಓಡಾಡುತ್ತವೆ. ಅದರ ಬೆನ್ನಿಗೇ ನನಗೆ ಪ್ರಶ್ನೆಗಳು ಬರುತ್ತವೆ. "ಇದಕ್ಕೂ ಲೈಸೆನ್ಸ್ ಬೇಕಾ?", "ವೀಸಾದಲ್ಲಿ ಇರುವವರು ಕಲಿಯಬಹುದಾ?", "ಎರಡು ವಾರ ರಜೆ ಹಾಕಿದರೆ ಮುಗಿಯುತ್ತಾ?" ಡಲ್ಲಾಸ್‌ನವರು, ನ್ಯೂಜೆರ್ಸಿಯವರು, ಬೇ ಏರಿಯಾದವರು ಕೇಳುವುದೆಲ್ಲ ಹೆಚ್ಚುಕಡಿಮೆ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಚುಟುಕು ಉತ್ತರ. ಲೈಸೆನ್ಸ್ ಬೇಕೇ ಬೇಕು. ಕೊಡುವುದು ಎಫ್‌ಎಎ, ಅಂದರೆ ಅಮೆರಿಕದ ಕೇಂದ್ರ ವಿಮಾನಯಾನ ಇಲಾಖೆ. ಅವರು ಅದನ್ನು ಲೈಸೆನ್ಸ್ ಎನ್ನದೆ 'ಸರ್ಟಿಫಿಕೇಟ್' ಎನ್ನುತ್ತಾರೆ. ಅಮೆರಿಕದ ಪ್ರಜೆಯೇ ಆಗಿರಬೇಕೆಂಬ ನಿಯಮವಿಲ್ಲ. ಕಾನೂನು ಕೇಳುವ ತರಬೇತಿ ಬರೀ 10 ಗಂಟೆ. ಎಲ್ಲರೂ ಮೋಸ ಹೋಗುವುದು ಈ ಕೊನೆಯ ಮಾತಿನಲ್ಲೇ. ಬಲೂನು ಹಾರುವುದು ಹೆಚ್ಚಾಗಿ ಸೂರ್ಯ ಹುಟ್ಟಿದ ಆಸುಪಾಸಿನ ಒಂದೆರಡು ಗಂಟೆ, ಅದೂ ಗಾಳಿ ಶಾಂತವಾಗಿದ್ದರೆ. ನಾಲ್ಕು ಗಂಟೆಗೆ ಎದ್ದು, ಮೈದಾನಕ್ಕೆ ಹೋಗಿ, ಆಕಾಶ ನೋಡಿ, ಕಾಫಿ ಕುಡಿದು ವಾಪಸ್ ಬಂದ ದಿನಗಳು ಆ ಹತ್ತು ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನೀವು ಲೆಕ್ಕ ಹಾಕಬೇಕಾದದ್ದು ಎಷ್ಟು ಗಂಟೆ ಅಂತಲ್ಲ, ಎಷ್ಟು ಬೆಳಗು ಅಂತ. 'ಗಾಳಿ ಬಂದಾಗ ತೂರಿಕೋ' ಎಂದು ನಮ್ಮ ಹಿರಿಯರು ಹೇಳಿದ್ದು ಕಾಳು ತೂರುವವರಿಗೆ. ಬಲೂನಿನವರು ಗಾಳಿ ಬಂದರೆ ಮನೆಗೆ ಹೋಗುತ್ತಾರೆ.

1. ಮೊದಲು ಹಗ್ಗ ಹಿಡಿಯಿರಿ

ಬೋಧಕರನ್ನು ಹುಡುಕುವ ಮೊದಲು, ದುಡ್ಡು ಕಟ್ಟುವ ಮೊದಲು, ಯಾವುದಾದರೂ ಬಲೂನಿನ ಚೇಸ್ ಕ್ರೂ ಸೇರಿಕೊಳ್ಳಿ. ಚೇಸ್ ಕ್ರೂ ಎಂದರೆ ನೆಲದ ಮೇಲಿನ ತಂಡ. ಬಲೂನನ್ನು ಬಿಚ್ಚಿ ಹಾಸುವುದು, ಗಾಳಿ ತುಂಬುವುದು, ಹಾರಿದ ಮೇಲೆ ಪಿಕಪ್ ಗಾಡಿಯಲ್ಲಿ ಹಿಂಬಾಲಿಸುವುದು, ಇಳಿದ ಕಡೆ ಹೋಗಿ ಮಡಚಿ ತುಂಬಿಕೊಂಡು ಬರುವುದು ಎಲ್ಲ ಇವರ ಕೆಲಸ. ಸಂಬಳ ಇರುವುದಿಲ್ಲ. ಆದರೆ ಕೈ ಸಾಲದೆ ಒದ್ದಾಡುವ ಪೈಲಟ್‌ಗಳು ಎಲ್ಲ ಕಡೆ ಇದ್ದಾರೆ, ಬಂದವರನ್ನು ಬೇಡ ಎನ್ನುವುದಿಲ್ಲ.

ಎಲ್ಲಿ ಸಿಗುತ್ತಾರೆ? ಅಲ್ಬುಕರ್ಕಿಯ ಹಬ್ಬ 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಲೂನುಗಳಿಂದ ಶುರುವಾಯಿತು. ಈಗ ಒಂಬತ್ತು ದಿನ ನಡೆಯುತ್ತದೆ, ಬಲೂನುಗಳು ನೂರಾರು. ಹಬ್ಬದಲ್ಲಿ ಕ್ರೂ ಕೆಲಸಕ್ಕೆ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ. ಡಲ್ಲಾಸ್ ಕಡೆಯವರಿಗೆ ಪ್ಲೇನೊದಲ್ಲಿ, ನ್ಯೂಜೆರ್ಸಿಯವರಿಗೆ ರೆಡಿಂಗ್ಟನ್‌ನಲ್ಲಿ ಬಲೂನು ಹಬ್ಬ ನಡೆಯುತ್ತದೆ. ಕ್ಯಾಲಿಫೋರ್ನಿಯದಲ್ಲಿ ನಾಪಾ ಮತ್ತು ಟೆಮೆಕ್ಯುಲಾ, ಚಳಿಗಾಲದಲ್ಲಿ ಫೀನಿಕ್ಸ್ ಸುತ್ತಮುತ್ತ, ಮಧ್ಯಪಶ್ಚಿಮದಲ್ಲಿ ಅಯೋವಾದ ಇಂಡಿಯಾನೋಲಾ ಬಲೂನಿಗೆ ಹೆಸರಾದ ಜಾಗಗಳು. ಬಲೂನ್ ಫೆಡರೇಶನ್ ಆಫ್ ಅಮೆರಿಕ ಎಂಬ ರಾಷ್ಟ್ರೀಯ ಸಂಘವೂ ಇದೆ. ಸ್ಥಳೀಯ ಕ್ಲಬ್‌ಗಳನ್ನು ಹುಡುಕಲು ಅಲ್ಲಿಂದ ಶುರುಮಾಡಬಹುದು.

ನೆಲದ ಮೇಲೆ ಕಲಿಯುವುದು ಬಹಳ. ಬಲೂನಿನ ನೆತ್ತಿಗೆ ಕಟ್ಟಿದ ಉದ್ದನೆಯ ಹಗ್ಗಕ್ಕೆ ಕ್ರೌನ್ ಲೈನ್ ಎನ್ನುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಕೊಡುವ ಕೆಲಸ ಅದನ್ನು ಹಿಡಿಯುವುದು. ಬಲೂನು ಮಲಗಿರುವಾಗ ಹಗ್ಗ ಬಿಗಿಯಾಗಿ ಎಳೆದು ನಿಂತಿರುತ್ತೀರಿ. ಒಳಗಿನ ಗಾಳಿ ಬಿಸಿಯಾಗುತ್ತಿದ್ದಂತೆ ಆ ದೊಡ್ಡ ಚೀಲ ನಿಧಾನಕ್ಕೆ ಎದ್ದು ನಿಲ್ಲುತ್ತದೆ, ನೀವು ತಡೆದು ತಡೆದು ಬಿಡುತ್ತಾ ಅದರ ಕಡೆಗೆ ನಡೆಯುತ್ತೀರಿ. ತೇರು ಎಳೆಯುವಾಗ ಹಗ್ಗದಲ್ಲೇ ತೇರಿನ ತೂಕ ತಿಳಿಯುತ್ತದಲ್ಲ, ಹಾಗೆ ಇಲ್ಲಿ ಗಾಳಿಯ ತೂಕ ತಿಳಿಯುತ್ತದೆ. ಮುಂದೆ ಬುಟ್ಟಿಯಲ್ಲಿ ನಿಂತಾಗ ಈ ನೆನಪು ಕೆಲಸಕ್ಕೆ ಬರುತ್ತದೆ.

ಎಚ್ಚರಿಕೆ ಮೂರು. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಗಾಳಿ ತುಂಬುವ ಫ್ಯಾನಿನ ಹತ್ತಿರ ದುಪಟ್ಟಾ, ಮಫ್ಲರು, ಬಿಚ್ಚಿದ ಕೂದಲು ಬೇಡ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬುಟ್ಟಿ ಮೇಲೇಳುತ್ತಿದ್ದರೆ ಕಾಲು ನೆಲ ಬಿಡುವ ಮೊದಲೇ ಕೈ ಬಿಡಿ. ಬಲೂನು ಹೋಗಿಬಿಡುತ್ತದಲ್ಲ ಎಂದು ಜೋತುಬಿದ್ದವರು ಜೀವ ಕಳೆದುಕೊಂಡಿದ್ದಾರೆ. ಬಲೂನು ಹೋದರೆ ಹೋಗಲಿ.

ಹತ್ತಿಪ್ಪತ್ತು ಬೆಳಗು ಹೀಗೆ ದುಡಿದ ಮೇಲೂ ನಿಮಗೆ ಆಸೆ ಉಳಿದಿದ್ದರೆ ಮುಂದಿನ ಹಂತಕ್ಕೆ ಬನ್ನಿ. ಚಳಿಯಲ್ಲಿ ಹಗ್ಗ ಹಿಡಿದು ಬೇಸತ್ತವರು ಇಲ್ಲೇ ನಿಲ್ಲುತ್ತಾರೆ. ಅದೂ ಲಾಭವೇ, ಡಾಲರ್ ಉಳಿಯಿತಲ್ಲ.

2. ಬೋಧಕರನ್ನು ಆರಿಸಿಕೊಳ್ಳುವುದು

ವಿಮಾನ ಕಲಿಸಲು ಪ್ರತ್ಯೇಕ ಬೋಧಕ ಸರ್ಟಿಫಿಕೇಟ್ ಬೇಕು. ಬಲೂನಿನಲ್ಲಿ ಹಾಗಿಲ್ಲ. ಕಮರ್ಷಿಯಲ್ ಬಲೂನ್ ಪೈಲಟ್ ಆದವರು, ಅಂದರೆ ದುಡ್ಡು ಪಡೆದು ಹಾರಿಸುವ ಸರ್ಟಿಫಿಕೇಟ್ ಇರುವವರು, ಕಾನೂನಿನ ಪ್ರಕಾರ ಪಾಠವನ್ನೂ ಹೇಳಬಹುದು. ಇದರಿಂದ ಬೋಧಕರು ಸುಲಭವಾಗಿ ಸಿಗುತ್ತಾರೆ, ಆದರೆ ಚೆನ್ನಾಗಿ ಹಾರಿಸುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತ ಏನಿಲ್ಲ. ಹೀಗೆ ಕೇಳಿ: ಈವರೆಗೆ ಎಷ್ಟು ಜನರನ್ನು ಪರೀಕ್ಷೆಗೆ ಕಳಿಸಿದ್ದೀರಿ? ತರಬೇತಿಗೆ ಯಾವ ಅಳತೆಯ ಬಲೂನು? ಕಲಿಯುವವರು ಹಾರಿಸಲು, ಒಬ್ಬರೇ ಹಾರಲು ನಿಮ್ಮ ವಿಮೆ ಒಪ್ಪುತ್ತದೆಯೇ? ಗ್ಯಾಸು, ಬಲೂನಿನ ಬಾಡಿಗೆ, ಬೋಧಕರ ಶುಲ್ಕ, ಕ್ರೂ ಖರ್ಚು ಎಲ್ಲ ಸೇರಿ ಒಂದು ಹಾರಾಟಕ್ಕೆ ಎಷ್ಟಾಗುತ್ತದೆ?

ಕಡೆಯ ಪ್ರಶ್ನೆಗೆ ಉತ್ತರ ಬರಹದಲ್ಲೇ ಪಡೆಯಿರಿ. ಬರೀ ಗಂಟೆಯ ಶುಲ್ಕ ಕೇಳಿ ಒಪ್ಪಿಕೊಂಡು ಆಮೇಲೆ ಪೇಚಾಡುವವರು ಬಹಳ. ಕಾರಿನಂತೆ ಬಲೂನು ಬಾಡಿಗೆಗೆ ಸಿಗುವುದು ಅಪರೂಪ. ಅದಕ್ಕೇ ಅನೇಕರು ಮೊದಲೇ ಒಂದು ಸೆಕೆಂಡ್ ಹ್ಯಾಂಡ್ ಬಲೂನು ಕೊಂಡು ಅದರಲ್ಲೇ ಕಲಿಯುತ್ತಾರೆ. ಇದು ಕೆಟ್ಟ ಯೋಚನೆಯಲ್ಲ, ಆದರೆ ಬೋಧಕರು ಮತ್ತು ತಪಾಸಣೆ ಮಾಡುವ ಅಧಿಕೃತ ಅಂಗಡಿಯವರು ಇಬ್ಬರೂ ಬಟ್ಟೆ ನೋಡಿ ಹೂಂ ಅನ್ನುವವರೆಗೆ ಮುಂಗಡ ಕೊಡಬೇಡಿ. ಬಲೂನಿಗೆ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಹಳೆಯ ಬಟ್ಟೆ ಕಣ್ಣಿಗೆ ಚೆನ್ನಾಗಿ ಕಂಡರೂ ಎಳೆತದ ಪರೀಕ್ಷೆಯಲ್ಲಿ ಹರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಇನ್ನೊಂದು ಬಲೆ: ದುಡ್ಡು ಕೊಟ್ಟ ಪ್ರವಾಸಿಗರ ಜೊತೆ ನಿಮ್ಮನ್ನೂ ಬುಟ್ಟಿಗೆ ಹತ್ತಿಸಿ, ಎರಡು ಸಲ ಬರ್ನರ್ ಹಿಡಿಸಿ, ಲಾಗ್‌ಬುಕ್‌ನಲ್ಲಿ 'ತರಬೇತಿ, 1 ಗಂಟೆ' ಎಂದು ಬರೆದುಕೊಡುವವರಿದ್ದಾರೆ. ಲಾಗ್‌ಬುಕ್ ನಿಮ್ಮ ಹಾರಾಟದ ಲೆಕ್ಕದ ಪುಸ್ತಕ, ಪರೀಕ್ಷಕರು ಅದನ್ನೇ ನೋಡುವುದು. ನೀವು ಹಾರಿಸದ ಗಂಟೆ ಅದರಲ್ಲಿ ಕೂತರೆ ಪರೀಕ್ಷೆಯ ದಿನ ಬುಟ್ಟಿಯಲ್ಲೇ ಗೊತ್ತಾಗುತ್ತದೆ.

3. ಕಾಗದಪತ್ರ, ವಯಸ್ಸು, ಆರೋಗ್ಯ

ಇದು ಚಿಕ್ಕ ಹಂತ. ವಿದ್ಯಾರ್ಥಿ ಪೈಲಟ್ ಸರ್ಟಿಫಿಕೇಟ್‌ಗೆ 14 ವರ್ಷ, ಹವ್ಯಾಸಕ್ಕೆ ಹಾರಿಸುವ ಪ್ರೈವೇಟ್‌ಗೆ 16, ಕಮರ್ಷಿಯಲ್‌ಗೆ 18 ತುಂಬಿರಬೇಕು. ಇಂಗ್ಲಿಷ್ ಓದಲು, ಬರೆಯಲು, ಮಾತಾಡಲು, ಅರ್ಥಮಾಡಿಕೊಳ್ಳಲು ಬರಬೇಕು. ಅರ್ಜಿ ಹಾಕುವುದು ಎಫ್‌ಎಎಯ ಐಎಸಿಆರ್‌ಎ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ನಂತರ ಎಫ್‌ಎಎಯ ಸ್ಥಳೀಯ ಕಚೇರಿ ಅಥವಾ ಅವರು ನೇಮಿಸಿದ ಪರೀಕ್ಷಕರು ನಿಮ್ಮ ಗುರುತು ನೋಡಿ ಮುಂದಕ್ಕೆ ಕಳಿಸುತ್ತಾರೆ. ಬೋಧಕರ ಜೊತೆ ಹಾರಲು ವಿದ್ಯಾರ್ಥಿ ಸರ್ಟಿಫಿಕೇಟ್ ಬೇಕಿಲ್ಲ, ಒಬ್ಬರೇ ಹಾರುವ ದಿನದೊಳಗೆ ಕೈಯಲ್ಲಿರಬೇಕು. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿಸಿ. ನಮ್ಮವರಿಗೆ ಇನಿಷಿಯಲ್ ಬಿಡಿಸುವುದರಲ್ಲಿ, ಅಪ್ಪನ ಹೆಸರೋ ಊರಿನ ಹೆಸರೋ ಕಡೆಯ ಹೆಸರಾಗುವುದರಲ್ಲಿ ಗೋಜಲಾಗುವುದು ಹೊಸದೇನಲ್ಲ. ಎರಡು ದಾಖಲೆಯಲ್ಲಿ ಎರಡು ರೀತಿ ಇದ್ದರೆ ಪರೀಕ್ಷೆಯ ದಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಪ್ರೈವೇಟ್ ಬಲೂನ್ ಪೈಲಟ್‌ಗೆ ವೈದ್ಯಕೀಯ ಸರ್ಟಿಫಿಕೇಟ್ ಬೇಡ. ಆದರೆ ಹಾರಿಸಲು ಅಡ್ಡಿಯಾಗುವ ಕಾಯಿಲೆ ತನಗಿದೆ ಎಂದು ಗೊತ್ತಿದ್ದೂ ಹಾರಿಸುವುದು ಕಾನೂನುಬಾಹಿರ. ಸಂಬಳಕ್ಕೆ ಪ್ರಯಾಣಿಕರನ್ನು ಹಾರಿಸುವ ಕಮರ್ಷಿಯಲ್ ಪೈಲಟ್‌ಗಳಿಗೆ 2023ರ ಮೇ ತಿಂಗಳಿಂದ ಎರಡನೇ ದರ್ಜೆಯ ವೈದ್ಯಕೀಯ ಸರ್ಟಿಫಿಕೇಟ್ ಕಡ್ಡಾಯವಾಗಿದೆ. ಇದರ ಹಿಂದೆ 2016ರ ಜುಲೈ 30ರ ದುರಂತವಿದೆ. ಟೆಕ್ಸಸ್‌ನ ಲಾಕ್‌ಹಾರ್ಟ್ ಹತ್ತಿರ ಬಲೂನೊಂದು ವಿದ್ಯುತ್ ತಂತಿಗೆ ಬಡಿದು ಅದರಲ್ಲಿದ್ದ 16 ಜನರೂ ಸತ್ತರು. ಹಾರಿಸುತ್ತಿದ್ದವರು ಮಂಪರು ತರುವ ಔಷಧಗಳನ್ನು ತೆಗೆದುಕೊಂಡಿದ್ದರೆಂದು ತನಿಖೆ ಹೇಳಿತು.

ವೀಸಾದವರಿಗೆ ಒಂದು ಮಾತು. ಹವ್ಯಾಸಕ್ಕೆ ಕಲಿಯುವುದು ಬೇರೆ, ದುಡ್ಡು ಪಡೆದು ಹಾರಿಸುವುದು ಬೇರೆ. ಎರಡನೆಯದು ಉದ್ಯೋಗ. ಎಚ್-1ಬಿಯಲ್ಲಿ ಇರುವವರು ಕಮರ್ಷಿಯಲ್ ಸರ್ಟಿಫಿಕೇಟ್ ಗಳಿಸಿದರೂ ವಾರಾಂತ್ಯಕ್ಕೆ ಬಲೂನು ಕಂಪನಿಯಲ್ಲಿ ದುಡಿಯುವಂತಿಲ್ಲ. ವಿದೇಶಿಯರ ಹಾರಾಟ ತರಬೇತಿಗೆ ಟಿಎಸ್‌ಎ, ಅಂದರೆ ಸಾರಿಗೆ ಭದ್ರತಾ ಇಲಾಖೆ, ಪ್ರತ್ಯೇಕ ನಿಯಮ ಮಾಡಿದೆ. ಮೊದಲ ಪಾಠಕ್ಕೆ ಮುಂಚೆಯೇ, ಬಲೂನಿನ ಮಟ್ಟಿಗೆ ನಿಮ್ಮಿಂದ ಏನು ಬೇಕು ಎಂದು ಬೋಧಕರ ಮೂಲಕ ವಿಚಾರಿಸಿ ಇತ್ಯರ್ಥ ಮಾಡಿಕೊಳ್ಳಿ.

4. ಓದು ಮತ್ತು ಕಂಪ್ಯೂಟರ್ ಪರೀಕ್ಷೆ

ಎಫ್‌ಎಎ 'ಬಲೂನ್ ಫ್ಲೈಯಿಂಗ್ ಹ್ಯಾಂಡ್‌ಬುಕ್' ಎಂಬ ಕೈಪಿಡಿಯನ್ನು ಪಿಡಿಎಫ್ ರೂಪದಲ್ಲಿ ಪುಕ್ಕಟೆ ಕೊಡುತ್ತದೆ. ಮೊದಲು ಅದನ್ನು ಓದಿ. ಪರೀಕ್ಷೆಯಲ್ಲಿ ನಿಯಮಾವಳಿ, ಹವಾಮಾನ, ವಾಯುಪ್ರದೇಶದ ನಕ್ಷೆ, ಬಲೂನು ಮೇಲೇಳುವ ಭೌತಶಾಸ್ತ್ರ, ಅಪಘಾತ ವರದಿ ಮಾಡುವ ವಿಧಾನ, ತೀರ್ಮಾನ ತೆಗೆದುಕೊಳ್ಳುವ ಬಗೆ ಇವೆಲ್ಲ ಬರುತ್ತವೆ. ಆಯ್ಕೆ ಉತ್ತರಗಳ 60 ಪ್ರಶ್ನೆ, ಪಾಸಾಗಲು 70 ಅಂಕ, ಶುಲ್ಕ 175 ಡಾಲರ್. ಕೂರುವ ಮೊದಲು ಬೋಧಕರ ಎಂಡೋರ್ಸ್‌ಮೆಂಟ್ ಬೇಕು, ಅಂದರೆ 'ಇವರು ತಯಾರಾಗಿದ್ದಾರೆ' ಎಂದು ಅವರು ಸಹಿ ಮಾಡಿ ಕೊಡುವ ಒಪ್ಪಿಗೆ. ಫಲಿತಾಂಶ 24 ತಿಂಗಳು ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಹಾರಾಟದ ಪರೀಕ್ಷೆ ಮುಗಿಯದಿದ್ದರೆ ಮತ್ತೆ ಬರೆಯಬೇಕು. ಬೆಳಗಿನ ಲೆಕ್ಕ ನೆನಪಿದೆಯಲ್ಲ? ತೀರಾ ಬೇಗ ಬರೆದಿಟ್ಟರೂ ಕಷ್ಟವೇ.

ಪರೀಕ್ಷೆ ಪಾಸು ಮಾಡುವುದು ನಮ್ಮವರಿಗೆ ಹೊಸದಲ್ಲ, ಪ್ರಶ್ನೆಪತ್ರಿಕೆ ಉರು ಹೊಡೆದು 95 ತೆಗೆಯುತ್ತೀರಿ. ಆದರೆ ಎರಡು ವಿಷಯಗಳನ್ನು ಉರು ಹೊಡೆಯಬೇಡಿ, ಅರ್ಥಮಾಡಿಕೊಳ್ಳಿ.

ಒಂದು, ತೂಕ. ಬಲೂನಿನ ಅಳತೆ ಹೇಳುವಾಗ '77' ಎಂದರೆ 77,000 ಘನ ಅಡಿ, ಸುಮಾರು 2,200 ಘನ ಮೀಟರ್. ಹೊರಗೆ 15 ಡಿಗ್ರಿ, ಒಳಗೆ 100 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಬಿಸಿಗಾಳಿ ಎತ್ತುವುದು ಸುಮಾರು 280 ಗ್ರಾಂ. ಒಟ್ಟು 600 ಕಿಲೋ ಆಯಿತು. ಬಟ್ಟೆ, ಬುಟ್ಟಿ, ಬರ್ನರ್, ಸಿಲಿಂಡರ್, ಜನ ಎಲ್ಲ ಅದರಲ್ಲೇ ಹಿಡಿಯಬೇಕು. ಅಲ್ಬುಕರ್ಕಿ ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಹಾಗಾಗಿ ಅಷ್ಟೇ ಬಿಸಿಗೆ ಎತ್ತುವ ತೂಕ 17-18 ಪರ್ಸೆಂಟ್ ಕಡಿಮೆ. ಹೊರಗೆ ಸೆಕೆಯಾದಷ್ಟೂ ಇನ್ನೂ ಕಡಿಮೆ. ಮೇಲೇಳಲಿಲ್ಲವೆಂದು ಉರಿಯನ್ನು ಬೇಕಾದಷ್ಟು ಏರಿಸುವಂತಿಲ್ಲ, ಸಾಮಾನ್ಯ ನೈಲಾನ್ ಬಟ್ಟೆಗೆ 120 ಡಿಗ್ರಿಯ ಆಸುಪಾಸು ಮಿತಿ. 'ಇನ್ನೊಬ್ಬರು ಹತ್ತಿಕೊಳ್ಳಲಿ ಬಿಡಿ' ಎನ್ನುವ ಔದಾರ್ಯ ಬಸ್ಸಿಗೆ ಸರಿ.

ಎರಡು, ಬೆಳಗಿನ ಗಾಳಿ. ಸೂರ್ಯ ನೆಲವನ್ನು ಕಾಯಿಸಿದ ಮೇಲೆ ಬಿಸಿಗಾಳಿಯ ಗುಳ್ಳೆಗಳು ಮೇಲೇಳತೊಡಗುತ್ತವೆ. ಅದಕ್ಕೆ ಥರ್ಮಲ್ ಎನ್ನುತ್ತಾರೆ. ಗರುಡ, ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದು ಇದರ ಮೇಲೆಯೇ. ಹದ್ದಿಗೆ ಅದು ಏಣಿ, ನಿಮಗೆ ಕುತ್ತು. ಹದ್ದು ಸುತ್ತಲು ಶುರುಮಾಡುವ ಮೊದಲು ನೀವು ನೆಲದಲ್ಲಿರಬೇಕು. ಸಂಜೆ ಹಾರುವವರು ಸೂರ್ಯಾಸ್ತಕ್ಕೆ ಎರಡು ಗಂಟೆ ಇರುವಾಗ ಹೊರಡುತ್ತಾರೆ, ಆದರೆ ಗಾಳಿ ಇಳಿಯದಿದ್ದರೆ ಕತ್ತಲು ಬೆನ್ನಟ್ಟುತ್ತದೆ. ಕಲಿಯುವಾಗ ಬೆಳಗನ್ನೇ ಆರಿಸಿಕೊಳ್ಳಿ.

5. ಹಾರಾಟದ ತರಬೇತಿ

ಪ್ರೈವೇಟ್ ಸರ್ಟಿಫಿಕೇಟ್‌ಗೆ ಕಾನೂನು ಕೇಳುವುದು ಇಷ್ಟು: ಕನಿಷ್ಠ 10 ಗಂಟೆ ತರಬೇತಿ, ಅದರಲ್ಲಿ ಬೋಧಕರ ಜೊತೆ ಕನಿಷ್ಠ 6 ಹಾರಾಟ. ತಲಾ ಒಂದು ಗಂಟೆಯ ಎರಡು ಹಾರಾಟಗಳು ಪರೀಕ್ಷೆಯ ತಿಂಗಳಿಗೆ ಹಿಂದಿನ ಎರಡು ತಿಂಗಳೊಳಗೆ ಆಗಿರಬೇಕು. ಹೊರಟ ಜಾಗಕ್ಕಿಂತ 2,000 ಅಡಿ ಮೇಲಕ್ಕೆ ಹತೋಟಿಯಲ್ಲಿ ಏರಿದ ಹಾರಾಟ ಒಂದು, ಒಬ್ಬರೇ ಹಾರಿದ್ದು ಒಂದು. ಎರಡು ತಿಂಗಳ ಆ ಷರತ್ತಿನಲ್ಲಿ ಎಡವುವವರು ಬಹಳ. ಎಲ್ಲ ಮುಗಿದಿದೆ, ಪರೀಕ್ಷಕರು ಸಿಗಲಿಲ್ಲ, ಮಳೆ ಬಂತು, ಅಷ್ಟರಲ್ಲಿ ಆ ಎರಡು ಹಾರಾಟ ಹಳೆಯದಾಯಿತು. ಮತ್ತೆ ಹಾರಿ, ಮತ್ತೆ ದುಡ್ಡು. ಪರೀಕ್ಷಕರ ದಿನ ಗೊತ್ತು ಮಾಡಿಕೊಂಡ ಮೇಲೇ ಈ ಎರಡು ಹಾರಾಟ ಇಟ್ಟುಕೊಳ್ಳಿ.

ಈಗ ಕೈಗೆ ಬರಬೇಕಾದ ಕೆಲಸ.

ಬರ್ನರ್. ಬುಟ್ಟಿಯ ಮೇಲೆ, ತಲೆಗಿಂತ ಎತ್ತರದಲ್ಲಿ ಬರ್ನರ್ ಇರುತ್ತದೆ. ಹಿಡಿ ಎಳೆದರೆ ದ್ರವ ಪ್ರೊಪೇನ್ ಉರಿದು ಬಲೂನಿನೊಳಗೆ ಜ್ವಾಲೆ ನುಗ್ಗುತ್ತದೆ. ನೀವು ಉರಿಸಿದ ತಕ್ಷಣ ಬಲೂನು ಏಳುವುದಿಲ್ಲ. ಎರಡು ಟನ್ನಿನ ಮೇಲೆ ತೂಗುವ ಗಾಳಿಯನ್ನು ನೀವು ಅಲುಗಿಸಬೇಕು, ಅದಕ್ಕೆ ಹಲವು ಸೆಕೆಂಡು ಹಿಡಿಯುತ್ತದೆ. ಹೊಸಬರು ಏನೂ ಆಗಲಿಲ್ಲವೆಂದು ಇನ್ನೊಮ್ಮೆ ಉರಿಸುತ್ತಾರೆ, ಎರಡೂ ಒಟ್ಟಿಗೆ ಕೆಲಸ ಮಾಡಿ ಬಲೂನು ಜಿಗಿಯುತ್ತದೆ. ಹೆದರಿ ನೆತ್ತಿಯ ಮುಚ್ಚಳ ತೆರೆದು ಬಿಸಿಗಾಳಿ ಬಿಡುವ ಕೆಂಪು ಹಗ್ಗ ಎಳೆಯುತ್ತಾರೆ, ಈಗ ಕುಸಿಯುತ್ತದೆ. ಒಲೆ ಮೇಲಿನ ಹಾಲು ನೆನಪಿಟ್ಟುಕೊಳ್ಳಿ: ಉಕ್ಕಿದ ಮೇಲೆ ಉರಿ ತಗ್ಗಿಸಿದರೆ ಏನು ಬಂತು? ನನ್ನ ಬೋಧಕರು ಎರಡನೇ ಪಾಠದ ದಿನ ಆಲ್ಟಿಮೀಟರಿನ ಮೇಲೆ, ಅಂದರೆ ಎತ್ತರ ತೋರಿಸುವ ಮೀಟರಿನ ಮೇಲೆ ಕರ್ಚೀಫು ಹೊದಿಸಿಬಿಟ್ಟರು. "ದೂರದ ಮರ ನೋಡು, ಅದರ ಹಿಂದಿನ ಬೆಟ್ಟ ನೋಡು" ಎಂದರು. ಮರದ ತುದಿ ಬೆಟ್ಟದ ಮುಂದೆ ಕೆಳಗೆ ಸರಿಯುತ್ತಿದ್ದರೆ ನೀವು ಏರುತ್ತಿದ್ದೀರಿ, ಮೇಲೆ ಸರಿಯುತ್ತಿದ್ದರೆ ಇಳಿಯುತ್ತಿದ್ದೀರಿ. ಮೀಟರಿನ ಮುಳ್ಳು ಇದನ್ನು ಹೇಳುವುದು ಆಮೇಲೆ. ಸಣ್ಣ ಸಣ್ಣ ಉರಿ, ಒಂದೇ ಸಮ ಅಂತರ, ನಡುವೆ ತಾಳ್ಮೆ, ಇಷ್ಟೇ. ಆದರೆ ಇದು ಕೂರಲು ನನಗೆ ನಾಲ್ಕು ಹಾರಾಟ ಬೇಕಾಯಿತು.

ಚುಕ್ಕಾಣಿ ಇಲ್ಲದ ಗಾಡಿ. ಬಲೂನನ್ನು ಎಡಕ್ಕೆ ಬಲಕ್ಕೆ ತಿರುಗಿಸಲು ಬರುವುದಿಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ. ನೀವು ಏರಿಳಿದು ಬೇಕಾದ ಗಾಳಿಯನ್ನು ಹುಡುಕಿ ಅದರಲ್ಲಿ ಕೂರಬೇಕು. ಅಲ್ಬುಕರ್ಕಿ ಹೆಸರಾಗಿದ್ದೇ ಇದಕ್ಕೆ. ತಣ್ಣನೆಯ ಬೆಳಗಿನಲ್ಲಿ ರಿಯೊ ಗ್ರಾಂಡೆ ಕಣಿವೆಯ ಉದ್ದಕ್ಕೂ ಕೆಳಗಿನ ಗಾಳಿ ದಕ್ಷಿಣಕ್ಕೆ ಹರಿಯುತ್ತದೆ, ಅದರ ಮೇಲಿನ ಪದರ ಉತ್ತರಕ್ಕೆ ತರುತ್ತದೆ. ಕೆಳಗೆ ಹೋಗಿ, ಮೇಲೇರಿ ವಾಪಸ್ ಬಂದು, ಹೊರಟ ಜಾಗದ ಹತ್ತಿರವೇ ಇಳಿಯಬಹುದು. ಇದಕ್ಕೆ 'ಅಲ್ಬುಕರ್ಕಿ ಬಾಕ್ಸ್' ಎನ್ನುತ್ತಾರೆ. ಎಲ್ಲ ದಿನವೂ ಸಿಗುವುದಿಲ್ಲ, ಎಲ್ಲ ಊರಲ್ಲೂ ಇಲ್ಲ. ಹೊರಡುವ ಮೊದಲು ಪೈಬಾಲ್ ಬಿಡುವ ಅಭ್ಯಾಸ ಮಾಡಿಕೊಳ್ಳಿ. ಅದು ಹೀಲಿಯಂ ತುಂಬಿದ ಪುಟ್ಟ ಬಲೂನು, ಹುಟ್ಟುಹಬ್ಬಕ್ಕೆ ಕಟ್ಟುವಂಥದ್ದೇ. ಅದು ಯಾವ ಎತ್ತರದಲ್ಲಿ ಯಾವ ಕಡೆ ತಿರುಗಿತು ಎಂದು ಕಣ್ಣಿಂದ ಮರೆಯಾಗುವವರೆಗೂ ನೋಡಿ. ಫೋನಿನ ಆ್ಯಪ್ ಹೇಳುವುದು ಊರಿನ ಗಾಳಿ, ಪೈಬಾಲ್ ತೋರಿಸುವುದು ನೀವು ನಿಂತ ಮೈದಾನದ ಗಾಳಿ.

ಹುಸಿ ಏರಿಕೆ. ಇದನ್ನು 'ಫಾಲ್ಸ್ ಲಿಫ್ಟ್' ಎನ್ನುತ್ತಾರೆ. ನೆಲದಲ್ಲಿ ನಿಂತ ಬಲೂನಿನ ನೆತ್ತಿಯ ಮೇಲೆ ಗಾಳಿ ಬೀಸಿ ಹೋಗುವಾಗ ಅದು ಬಲೂನನ್ನು ಮೇಲಕ್ಕೆ ಎಳೆಯುತ್ತದೆ. ಸಾಕಷ್ಟು ಬಿಸಿಯಾಗಿದೆ ಎಂದು ನೀವು ಹೊರಡುತ್ತೀರಿ. ಬಲೂನು ಗಾಳಿಯ ಜೊತೆಗೇ ಓಡತೊಡಗಿದಂತೆ ಆ ಎಳೆತ ಮಾಯವಾಗಿ ಕೆಳಗೆ ಕುಸಿಯುತ್ತದೆ, ಅದೂ ಮೈದಾನದ ಅಂಚಿನ ಮರವೋ ಬೇಲಿಯೋ ಎದುರಿಗಿರುವಾಗ. ಗಾಳಿ ಇರುವ ದಿನ, ಅಥವಾ ಮರಗಳ ಮರೆಯಿಂದ ಹೊರಡುವಾಗ, ಚೆನ್ನಾಗಿ ಕಾಯಿಸಿಕೊಂಡೇ ಏಳಿ. ಎದ್ದ ಕೂಡಲೇ ಕೈಬೀಸುತ್ತಾ ಫೋಟೊಗೆ ನಿಲ್ಲದೆ ಕೈ ಬರ್ನರ್ ಮೇಲಿರಲಿ.

ವಿದ್ಯುತ್ ತಂತಿ. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಲಾಕ್‌ಹಾರ್ಟ್‌ನಲ್ಲಿ ಆದದ್ದು ತಂತಿಯಿಂದ, 2021ರ ಜೂನ್‌ನಲ್ಲಿ ಅಲ್ಬುಕರ್ಕಿಯಲ್ಲೇ 5 ಜನ ಸತ್ತದ್ದೂ ತಂತಿಯಿಂದ. ತಂತಿ ಕಣ್ಣಿಗೆ ಕಾಣುವುದಿಲ್ಲ, ಕಂಬ ಕಾಣುತ್ತದೆ. ಕಂಬ ಹುಡುಕಿ, ಎರಡು ಕಂಬದ ನಡುವೆ ತಂತಿ ಇದ್ದೇ ಇದೆ ಎಂದುಕೊಳ್ಳಿ. ರಸ್ತೆ ಇದ್ದ ಕಡೆ, ಒಂಟಿ ಮನೆ ಇದ್ದ ಕಡೆ, ಪಂಪು ಇದ್ದ ಕಡೆ ತಂತಿ ಇರುತ್ತದೆ. ದಾಟುವುದಾದರೆ ಬಹಳ ಮುಂಚೆಯೇ ಏರಿ. ಹತ್ತಿರ ಬಂದ ಮೇಲೆ ಹೇಗೋ ಹಾರಿಸಿಬಿಡುತ್ತೇನೆ ಎಂದು ಉರಿಸುವುದೇ ಕೊಲ್ಲುವ ತಪ್ಪು, ಉರಿ ಕೆಲಸ ಮಾಡಲು ಸಮಯ ಬೇಕೆಂದು ಮೇಲೆ ಹೇಳಿದೆನಲ್ಲ. ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲವೆಂದಾದರೆ ಏರಬೇಡಿ, ಇಳಿಯಿರಿ. ಕೆಂಪು ಹಗ್ಗವನ್ನು ಪೂರ್ತಿ ಎಳೆದು ನೆತ್ತಿಯ ಮುಚ್ಚಳ ತೆರೆಯಿರಿ, ಗ್ಯಾಸ್ ಬಂದ್ ಮಾಡಿ. ತಂತಿಗೆ ಬಟ್ಟೆ ತಗುಲಿದರೆ ಬದುಕುವ ಸಾಧ್ಯತೆ ಉಂಟು. ಬುಟ್ಟಿ, ಬರ್ನರ್, ಉಕ್ಕಿನ ಕೇಬಲ್ ತಗುಲಬಾರದು. ಕೆಳಗಿನ ಕ್ರೂ ಕೂಡ ವಿದ್ಯುತ್ ಕಂಪನಿಯವರು ಕರೆಂಟ್ ತೆಗೆದಿದ್ದೇವೆ ಎಂದು ಹೇಳುವವರೆಗೆ ಹತ್ತಿರ ಹೋಗಬಾರದು.

ಗ್ಯಾಸು. ಮಧ್ಯಮ ಅಳತೆಯ ಬಲೂನು ಗಂಟೆಗೆ ಸುಮಾರು 15 ಗ್ಯಾಲನ್ ಪ್ರೊಪೇನ್ ಕುಡಿಯುತ್ತದೆ. ಗ್ಯಾಸು ಹಿಗ್ಗಲು ಜಾಗ ಬೇಕೆಂದು ಸಿಲಿಂಡರನ್ನು 80 ಪರ್ಸೆಂಟ್‌ವರೆಗೆ ಮಾತ್ರ ತುಂಬುತ್ತಾರೆ. ಚಳಿ ಹೆಚ್ಚಿದ ದಿನ ಸಿಲಿಂಡರಿನ ಒತ್ತಡ ಇಳಿದು ಜ್ವಾಲೆ ಸೊರಗುತ್ತದೆ, ಅದಕ್ಕೆ ಕೆಲವರು ನೈಟ್ರೋಜನ್ ತುಂಬಿ ಒತ್ತಡ ಏರಿಸಿಕೊಳ್ಳುತ್ತಾರೆ. ಪ್ರೊಪೇನ್ ಕುದಿಯುವುದೇ ಮೈನಸ್ 42 ಡಿಗ್ರಿಯಲ್ಲಿ, ಸೋರಿದ ದ್ರವ ಬರಿಗೈಗೆ ತಗುಲಿದರೆ ಚರ್ಮ ಸುಟ್ಟಂತಾಗುತ್ತದೆ. ಚರ್ಮದ ಗ್ಲೌಸು, ಹತ್ತಿ ಬಟ್ಟೆ. ಪಾಲಿಯೆಸ್ಟರ್ ಜಾಕೆಟ್ ಗಾಡಿಯಲ್ಲೇ ಇರಲಿ.

ಇಳಿಯುವುದು. ಏರುವುದು ಯಾರಿಗೂ ಬರುತ್ತದೆ, ಬೋಧಕರಿಗೆ ದುಡ್ಡು ಕೊಡುವುದು ಇಳಿಯುವುದು ಕಲಿಸಲಿಕ್ಕೆ. ಗ್ಯಾಸು ಮುಗಿಯುವವರೆಗೆ ಕಾಯದೆ, ಅರ್ಧ ಮುಗಿದಾಗಲೇ ಜಾಗ ಹುಡುಕಲು ಶುರುಮಾಡಿ. ಒಂದೇ ಜಾಗಕ್ಕೆ ಮನಸ್ಸು ಕಟ್ಟಿಕೊಳ್ಳಬೇಡಿ. ಅದು ತಪ್ಪಿದರೆ ಮುಂದಿನದು ಯಾವುದು, ಅದೂ ತಪ್ಪಿದರೆ? ಬುಟ್ಟಿಯಲ್ಲಿರುವವರೆಲ್ಲ ಮಂಡಿ ಸ್ವಲ್ಪ ಮಡಚಿ, ಒಳಗಿನ ಹಿಡಿ ಹಿಡಿದು ನಿಲ್ಲಬೇಕು. ಬುಟ್ಟಿ ಬಡಿದು, ಮತ್ತೊಮ್ಮೆ ಪುಟಿದು, ಅಡ್ಡ ಬಿದ್ದು ಒಂದಿಷ್ಟು ದೂರ ಎಳೆದುಕೊಂಡು ಹೋದರೂ ನೀವು ಹೇಳುವವರೆಗೆ ಯಾರೂ ಇಳಿಯಬಾರದು. ಒಬ್ಬರು ಜಿಗಿದರೆ ಅಷ್ಟು ತೂಕ ಕಡಿಮೆಯಾಗಿ ಉಳಿದವರು ಮತ್ತೆ ಮೇಲೆ.

ಇಳಿದ ಹೊಲ ಇನ್ನೊಬ್ಬರದು ಎಂಬುದು ಮರೆಯಬೇಡಿ. ಬೆಳೆ ಇರುವ ಕಡೆ ಇಳಿಯಬಾರದು, ಕುದುರೆ ಇರುವ ಕಡೆ ಬರ್ನರ್ ಸದ್ದು ಮಾಡಬಾರದು. ಗಾಡಿ ಒಳಗೆ ತರುವ ಮೊದಲು ಮನೆಯವರನ್ನು ಕೇಳಬೇಕು. ಹೊಲದವರಿಗೆ ಒಂದು ಶಾಂಪೇನ್ ಬಾಟಲಿ ಕೊಡುವುದು ಹಳೆಯ ಸಂಪ್ರದಾಯ. ನಾನು ಮೈಸೂರು ಪಾಕಿನ ಡಬ್ಬಿಯನ್ನೂ ಇಟ್ಟುಕೊಂಡಿರುತ್ತೇನೆ, ಈವರೆಗೆ ಯಾರೂ ಬೇಡ ಅಂದಿಲ್ಲ.

6. ಒಂಟಿ ಹಾರಾಟ

ಸೋಲೊ ಹಾರಾಟಕ್ಕೆ ಮೊದಲು ಬೋಧಕರು ಒಂದು ಲಿಖಿತ ಪರೀಕ್ಷೆ ಕೊಡುತ್ತಾರೆ, ತಪ್ಪುಗಳನ್ನು ತಿದ್ದಿಸಿ ಲಾಗ್‌ಬುಕ್‌ನಲ್ಲಿ ಸಹಿ ಮಾಡುತ್ತಾರೆ. ಆ ಒಪ್ಪಿಗೆ 90 ದಿನ ಇರುತ್ತದೆ. ಬೋಧಕರ ತೂಕವಿಲ್ಲದ ಬಲೂನು ಬೇರೆಯದೇ ಪ್ರಾಣಿ ಎನ್ನುವುದೊಂದು ನೆನಪಿರಲಿ. ಎಂಬತ್ತು ಕಿಲೋ ಕಡಿಮೆಯಾದಾಗ ಅದೇ ಉರಿಗೆ ಬೇಗ ಏಳುತ್ತದೆ, ಇಳಿಯಲು ಹಠ ಮಾಡುತ್ತದೆ. ವಿದ್ಯಾರ್ಥಿ ಪೈಲಟ್ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಹೆಂಡತಿ ಮಕ್ಕಳು ಗಾಡಿಯಲ್ಲಿ ಹಿಂಬಾಲಿಸಲಿ.

7. ಚೆಕ್‌ರೈಡ್

ಕಡೆಯ ಪರೀಕ್ಷೆಗೆ ಬಾಯಿಮಾತಿನಲ್ಲಿ ಚೆಕ್‌ರೈಡ್ ಎನ್ನುತ್ತಾರೆ. ಎಫ್‌ಎಎ ನೇಮಿಸಿದ ಪರೀಕ್ಷಕರು ಮೊದಲು ಮೌಖಿಕವಾಗಿ ಕೇಳಿ, ಆಮೇಲೆ ಬುಟ್ಟಿ ಹತ್ತುತ್ತಾರೆ. ಬಲೂನು ಪರೀಕ್ಷಕರು ವಿರಳ, ಒಬ್ಬರು ಎರಡು ಮೂರು ರಾಜ್ಯ ನೋಡಿಕೊಳ್ಳುವುದೂ ಉಂಟು. ಅವರ ಶುಲ್ಕ ಅವರೇ ಗೊತ್ತುಮಾಡುತ್ತಾರೆ, ಪ್ರಯಾಣದ ಖರ್ಚೂ ಸೇರಬಹುದು. ಮೌಖಿಕದಲ್ಲಿ ನಕ್ಷೆ ಬಿಚ್ಚಿ ಈ ಗೆರೆ ಏನು, ಇಲ್ಲಿ ಯಾರ ಅನುಮತಿ ಬೇಕು ಎಂದು ಕೇಳುವುದು ಖಂಡಿತ. ಜನವಸತಿಯ ಮೇಲೆ ಹೋಗುವಾಗ ಸುತ್ತ 2,000 ಅಡಿಯೊಳಗಿನ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲಿರಬೇಕು ಎಂಬಂಥ ನಿಯಮಗಳು ನಾಲಿಗೆ ತುದಿಯಲ್ಲಿರಲಿ.

ಗಾಳಿ ಜೋರಾಗಿದ್ದರೆ ನೀವೇ ಬೇಡ ಎನ್ನಿ. ಪರೀಕ್ಷಕರು ದೂರದಿಂದ ಬಂದಿದ್ದಾರಲ್ಲ ಎಂಬ ದಾಕ್ಷಿಣ್ಯಕ್ಕೆ ಹೊರಡುವವರನ್ನು ಅವರು ಬಲೂನು ಬಿಚ್ಚುವ ಮೊದಲೇ ಅಳೆದಿರುತ್ತಾರೆ. ಪಾಸಾದರೆ ಅಲ್ಲೇ 120 ದಿನದ ತಾತ್ಕಾಲಿಕ ಸರ್ಟಿಫಿಕೇಟ್ ಕೈಗೆ ಬರುತ್ತದೆ, ಪ್ಲಾಸ್ಟಿಕ್ ಕಾರ್ಡು ಅಂಚೆಯಲ್ಲಿ. ಬಿಸಿಗಾಳಿ ಬಲೂನಿನಲ್ಲಿ ಪರೀಕ್ಷೆ ಕೊಟ್ಟವರ ಕಾರ್ಡಿನ ಮೇಲೆ ಅದಕ್ಕೆ ಮಾತ್ರ ಸೀಮಿತ ಎಂದಿರುತ್ತದೆ. ಹೀಲಿಯಂ, ಹೈಡ್ರೋಜನ್ ತುಂಬುವ ಗ್ಯಾಸ್ ಬಲೂನು ಬೇರೆ ವಿದ್ಯೆ.

8. ಕಾರ್ಡು ಬಂದ ಮೇಲೆ

ಸರ್ಟಿಫಿಕೇಟ್‌ಗೆ ಅವಧಿ ಇಲ್ಲ. ಆದರೆ 24 ತಿಂಗಳಿಗೊಮ್ಮೆ ಬೋಧಕರ ಜೊತೆ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟದ ಮರುಪರಿಶೀಲನೆ ಆಗಲೇಬೇಕು. ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಹಿಂದಿನ 90 ದಿನದಲ್ಲಿ ಮೂರು ಸಲ ಹಾರಿ ಇಳಿದಿರಬೇಕು. ಪ್ರೈವೇಟ್ ಪೈಲಟ್ ಸಂಬಳ ಪಡೆಯುವಂತಿಲ್ಲ. ಗೆಳೆಯರ ಜೊತೆ ಗ್ಯಾಸಿನ ಖರ್ಚು ಸಮನಾಗಿ ಹಂಚಿಕೊಳ್ಳಬಹುದು, ಅದಕ್ಕಿಂತ ಒಂದು ಡಾಲರ್ ಜಾಸ್ತಿ ತೆಗೆದುಕೊಂಡರೂ ತಪ್ಪು.

ಕಮರ್ಷಿಯಲ್ ಬೇಕೆಂದರೆ ಪೈಲಟ್ ಆಗಿ ಒಟ್ಟು 35 ಗಂಟೆ, ಅದರಲ್ಲಿ ಬಲೂನಿನಲ್ಲೇ 20 ಗಂಟೆ, 10 ಹಾರಾಟ ಆಗಿರಬೇಕು. ಆ 35ರಲ್ಲೇ 10 ಗಂಟೆ ತರಬೇತಿ, 3,000 ಅಡಿ ಏರಿದ ಒಂದು ಹಾರಾಟ ಸೇರಿರಬೇಕು. ಮತ್ತೆ ಎರಡೂ ಪರೀಕ್ಷೆ. ಅಂಕೆಗಳು ಚಿಕ್ಕವು. ಆದರೆ ಈ ಸರ್ಟಿಫಿಕೇಟ್ ಬಂದ ಕ್ಷಣದಿಂದ ನೀವು ಕಲಿಸಲೂಬಹುದು ಎನ್ನುವುದನ್ನು ಯೋಚಿಸಿದರೆ, ಕನಿಷ್ಠದಲ್ಲೇ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ನೂರು ಗಂಟೆಯಾದರೂ ಆಗಲಿ, ಬೇರೆ ಬೇರೆ ಊರಿನ ಗಾಳಿ ನೋಡಿ.

ಕಡೆಯದಾಗಿ ಊರಿಗೆ ವಾಪಸ್ ಹೋಗುವ ಯೋಚನೆಯಿರುವವರಿಗೆ. ಅಮೆರಿಕದ ಪ್ರೈವೇಟ್ ಸರ್ಟಿಫಿಕೇಟ್ 10 ಗಂಟೆಗೆ ಸಿಗುತ್ತದೆ. ಆದರೆ ಭಾರತವೂ ಸದಸ್ಯನಾಗಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ ಕೇಳುವುದು 16 ಗಂಟೆ, ಎಂಟು ಏರಿಕೆ, ಅದರಲ್ಲಿ ಒಂದಾದರೂ ಒಂಟಿಯಾಗಿ, ಜೊತೆಗೆ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ. ಭಾರತದಲ್ಲಿ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಆ ಅರ್ಜಿ ಮುಂದೆಂದಾದರೂ ಹಾಕುವ ಆಸೆ ಇದ್ದರೆ ಈಗಿನಿಂದಲೇ 16 ಗಂಟೆ ದಾಟಿಸಿಕೊಳ್ಳಿ. ಲಾಗ್‌ಬುಕ್‌ನಲ್ಲಿ ಗಂಟೆಯ ಪಕ್ಕ ಏರಿಕೆಗಳ ಸಂಖ್ಯೆಗೆ ಪ್ರತ್ಯೇಕ ಕಾಲಂ ಹಾಕಿ. ಹೊರಟ ಜಾಗ, ಇಳಿದ ಜಾಗ, ಬಲೂನಿನ ನೋಂದಣಿ ಸಂಖ್ಯೆ ತಪ್ಪದೆ ಬರೆದು, ಪ್ರತಿ ಪುಟಕ್ಕೂ ಬೋಧಕರ ಸಹಿಯನ್ನು ಅಂದಂದೇ ಹಾಕಿಸಿಕೊಳ್ಳಿ. ಐದು ವರ್ಷದ ನಂತರ ಬೆಂಗಳೂರಿನಲ್ಲಿ ಕೂತು ಅವರನ್ನು ಫೋನಿನಲ್ಲಿ ಹುಡುಕುವುದು ಕಷ್ಟ, ಅದರಲ್ಲೂ ಬೆಳಗಿನ ಹೊತ್ತು ಅವರು ಫೋನ್ ಎತ್ತುವುದಿಲ್ಲ.